ಮಳೆಯನ್ನು ಯಾವ ಕಾಲಂನಲ್ಲಿ ಬರೆಯಬೇಕು?

ಪ್ರಶ್ನೆ: ಕುಷ್ಟಗಿ ತಾಲ್ಲೂಕಿನ ಒಂದು ಸ್ವಯಂಸೇವಾ ಸಂಸ್ಥೆಯಲ್ಲಿ ಎಂಐಎಸ್, ಅಂದರೆ ಯೋಜನೆಯ ಅಂಕಿಅಂಶಗಳ ಲೆಕ್ಕ, ನೋಡಿಕೊಳ್ಳುತ್ತೇನೆ. ಯುರೋಪಿನ ದಾನಿ ಸಂಸ್ಥೆಯೊಂದರ ಹಣದಲ್ಲಿ ಯೋಜನೆ ನಡೆದಿದೆ: ಮಹಿಳಾ ಸಂಘ, ಕುರಿ ಸಾಕಣೆ, ಹಿತ್ತಲ ಕೈತೋಟ. ಬೇಸ್‌ಲೈನ್, ಅಂದರೆ ಆರಂಭದ ಸಮೀಕ್ಷೆ, 2023ರ ಅಕ್ಟೋಬರ್‌ನಲ್ಲಿ ಆಗಿತ್ತು. ಎಂಡ್‌ಲೈನ್, ಅಂದರೆ ಕೊನೆಯ ಸಮೀಕ್ಷೆ, ಬರುವ ಫೆಬ್ರವರಿಗೆ. ಅದರ ಬೆನ್ನಿಗೇ ಹೊರಗಿನ ಮೌಲ್ಯಮಾಪಕರು ಮೂರು ದಿನಕ್ಕೆ ಬರುತ್ತಾರಂತೆ. ತಿಂಗಳ ವರದಿಯಲ್ಲಿ ನಮ್ಮ ಎಲ್ಲ ಇಂಡಿಕೇಟರ್‌ಗಳೂ (ಪ್ರಗತಿ ಅಳೆಯುವ ಸೂಚಕಗಳು) ಹಸಿರು, ಅಂದರೆ ಗುರಿ ಮುಟ್ಟಿವೆ. ಊರಿಗೆ ಹೋದರೆ ಅಷ್ಟು ಬದಲಾವಣೆ ಕಾಣುವುದಿಲ್ಲ. ಕಂಡ ಒಂದೆರಡು ಬದಲಾವಣೆಗೆ ಫಾರ್ಮಿನಲ್ಲಿ ಜಾಗವೇ ಇಲ್ಲ. 'ಇಂಪ್ಯಾಕ್ಟ್ ಏನು?' ಎಂದು ಅವರು ಕೇಳಿದರೆ ಪ್ರಾಮಾಣಿಕವಾಗಿ ಏನು ಹೇಳಲಿ, ಮೇಡಂ?

ಉತ್ತರ: ನಿಮ್ಮ ಪತ್ರದಲ್ಲಿ ನನ್ನ ಕಣ್ಣು ನಿಂತದ್ದು ಎರಡು ತಿಂಗಳ ಮೇಲೆ: ಅಕ್ಟೋಬರ್ ಮತ್ತು ಫೆಬ್ರವರಿ. ಇಂಪ್ಯಾಕ್ಟಿನ ಮಾತು ಆಮೇಲೆ ನೋಡೋಣ.

2023ರ ಅಕ್ಟೋಬರ್ ಹೇಗಿತ್ತು, ನೆನಪು ಮಾಡಿಕೊಳ್ಳಿ. ಮುಂಗಾರು ಕೈಕೊಟ್ಟು ಸರ್ಕಾರ ಬರ ಘೋಷಿಸಿತ್ತು. ಮುಂದೆ ಆ ಪಟ್ಟಿ ರಾಜ್ಯದ 236 ತಾಲ್ಲೂಕುಗಳ ಪೈಕಿ 223ಕ್ಕೆ ಬೆಳೆಯಿತು. ಮಸಾರಿ ಹೊಲದ ಸಜ್ಜೆ ಕೈಗೆ ಬಂದಿರಲಿಲ್ಲ, ಎರೆ ಹೊಲದಲ್ಲಿ ಹಿಂಗಾರಿ ಜೋಳ ಬಿತ್ತಲು ಹಸಿ ಇರಲಿಲ್ಲ. ಅಂಥ ಹೊತ್ತಿನಲ್ಲಿ ನಿಮ್ಮವರು ಟ್ಯಾಬ್ ಹಿಡಿದು ಮನೆಮನೆಗೆ ಹೋಗಿ 'ಈ ಹಂಗಾಮಿನ ಆದಾಯ ಎಷ್ಟು?' ಎಂದು ಕೇಳಿ ಬರೆದುಕೊಂಡಿದ್ದಾರೆ. ಮರುವರ್ಷ ಮಳೆ ಚಲೋ ಆಯಿತು. ತುಂಗಭದ್ರಾ ಡ್ಯಾಂ ತುಂಬಿ ನಿಂತಿದ್ದ ಹೊತ್ತಿನಲ್ಲೇ, 2024ರ ಆಗಸ್ಟ್ 10ರ ರಾತ್ರಿ, 19ನೇ ಕ್ರಸ್ಟ್ ಗೇಟಿನ ಸರಪಳಿ ಕಡಿದು ಗೇಟು ಕೊಚ್ಚಿಹೋಗಿದ್ದು ನಿಮಗೆ ಗೊತ್ತೇ ಇದೆ. ಬರದ ವರ್ಷದಿಂದ ಮಳೆ ವರ್ಷಕ್ಕೆ ಗೆರೆ ಎಳೆದರೆ, ಯಾರು ಎಳೆದರೂ ಅದು ಮೇಲಕ್ಕೇ ಏರುತ್ತದೆ. ನಿಮ್ಮ ಯೋಜನೆ ಊರಿಗೆ ಬರದೆ ಇದ್ದಿದ್ದರೂ ಏರುತ್ತಿತ್ತು.

ಇನ್ನೊಂದು ಸಂಗತಿ ನಿಮ್ಮ ಕಣ್ಣ ಮುಂದೆಯೇ ಇದೆ. ಗೃಹಲಕ್ಷ್ಮಿ ಶುರುವಾದದ್ದು 2023ರ ಆಗಸ್ಟ್ 30ಕ್ಕೆ. ನಿಮ್ಮ ಬೇಸ್‌ಲೈನ್ ನಡೆಯುವಾಗ ಎಷ್ಟೋ ಮಂದಿಗೆ ಆಧಾರ್ ಜೋಡಣೆಯ ತೊಡಕಿನಿಂದ ಕಂತು ಇನ್ನೂ ಬಂದಿರಲಿಲ್ಲ. ಆಮೇಲೆ ತಿಂಗಳಿಗೆ 2,000 ರೂಪಾಯಿಯಂತೆ, ತಡವಾಗಿಯಾದರೂ, ಮನೆಯ ಯಜಮಾನಿಯ ಖಾತೆಗೆ ಬೀಳತೊಡಗಿತು. 'ಮಹಿಳೆಯರ ಕೈಯಲ್ಲಿ ಸ್ವಂತ ಹಣ' ಅನ್ನುವ ಇಂಡಿಕೇಟರ್ ನಿಮ್ಮ ಲಾಗ್‌ಫ್ರೇಮಿನಲ್ಲಿ (ಯೋಜನೆಯ ಗುರಿ, ಅಳತೆಗಳ ಕೋಷ್ಟಕ) ಇದ್ದೇ ಇರುತ್ತದೆ, ಮಹಿಳಾ ಸಂಘದ ಯೋಜನೆ ಅಂದ ಮೇಲೆ. ಅದು ಹಸಿರಾಗಿದೆ ಅಂದರೆ ಆ ಹಸಿರಿನಲ್ಲಿ ನಿಮ್ಮ ಸಂಘದ ಪಾಲೆಷ್ಟು, ಗೃಹಲಕ್ಷ್ಮಿಯ ಪಾಲೆಷ್ಟು? ಒಂದೇ ತಟ್ಟೆಯಲ್ಲಿ ಕಲಸಿದ ಮೇಲೆ ಬೇರೆ ಮಾಡುವುದು ಕಷ್ಟ.

ಈಗ ಫೆಬ್ರವರಿ. ಆ ತಿಂಗಳು ಕುಷ್ಟಗಿ, ಯಲಬುರ್ಗಾ, ದೇವದುರ್ಗ, ಲಿಂಗಸುಗೂರು ಕಡೆಯ ಹಳ್ಳಿಗಳಲ್ಲಿ ಯಾರು ಸಿಗುತ್ತಾರೆ? ದೀಪಾವಳಿ ದಾಟಿದ ಮೇಲೆ ಗುಳೆ ಶುರು. ಮಂಗಳೂರು, ಉಡುಪಿ, ಗೋವಾ, ಬೆಂಗಳೂರು, ಎಲ್ಲಿ ಕಟ್ಟಡದ ಕೆಲಸ ಇದೆಯೋ ಅಲ್ಲಿಗೆ. ಮುಂಗಾರಿನ ಹೊತ್ತಿಗೆ ಮರಳುತ್ತಾರೆ. ಹಳ್ಳಿಯಲ್ಲಿ ಉಳಿಯುವವರು ಮುದುಕರು, ಶಾಲೆ ಮಕ್ಕಳು, ಮತ್ತು ಬೋರು ಇರುವ ಹೊಲದವರು. ಕುರಿ ಕೂಡ ಇರುವುದಿಲ್ಲ. ಸುಗ್ಗಿ ಮುಗಿದ ಮೇಲೆ ದೊಡ್ಡ ಹಿಂಡುಗಳು ನೀರಾವರಿ ಕಡೆಗೆ, ಗಂಗಾವತಿ–ಸಿಂಧನೂರಿನ ಗದ್ದೆ ಬಯಲಿಗೆ ಹೊರಡುತ್ತವೆ, ಅಲ್ಲಿ ಹೊಲದಲ್ಲಿ ಕುರಿ ನಿಲ್ಲಿಸಿದರೆ ಗೊಬ್ಬರಕ್ಕೆ ಕಾಳೋ ರೊಕ್ಕವೋ ಸಿಗುತ್ತದೆ. ಹೀಗೆ ನಿಮ್ಮ ಎಂಡ್‌ಲೈನ್, ಗುಳೆ ಹೋಗುವಷ್ಟು ಬಡತನ ಇಲ್ಲದವರನ್ನೇ ಆರಿಸಿ ಎಣಿಸುತ್ತದೆ. ಸರಾಸರಿ ಆದಾಯ ಮತ್ತೆ ಮೇಲಕ್ಕೆ!

ನಾನಿದನ್ನು ಕಲಿತದ್ದು ಪುಸ್ತಕದಿಂದ ಅಲ್ಲ. ಬಹಳ ವರ್ಷದ ಹಿಂದೆ ದೇವದುರ್ಗ ತಾಲ್ಲೂಕಿನ ತಾಂಡಾ ಒಂದರಲ್ಲಿ, ಇಂಥದೇ ಫೆಬ್ರವರಿಯಲ್ಲಿ, ಪಟ್ಟಿಯಲ್ಲಿದ್ದ ಮನೆಗಳ ಅರ್ಧಕ್ಕರ್ಧ ಬೀಗ. ನಿಯಮದ ಪ್ರಕಾರ 'ಬದಲಿ ಮನೆ' ತೆಗೆದುಕೊಂಡೆವು, ಅಂದರೆ ಪಕ್ಕದ ತೆರೆದ ಬಾಗಿಲು. ವರದಿ ಚೆಂದ ಬಂತು. ಹೊರಡುವಾಗ ಕಟ್ಟೆಯ ಮೇಲೆ ಕೂತಿದ್ದ ಅಜ್ಜಿಯೊಬ್ಬಳು ಕೇಳಿದಳು: "ಯವ್ವಾ, ಇದ್ದವ್ರ್ನ ಕೇಳಿ ಬರ್ಕೊಂಡ್ರಿ, ಇಲ್ದವ್ರ ಕತಿ ಯಾರು ಹೇಳ್ಬೇಕು?" ನಾನು ಉತ್ತರ ಕೊಡಲಿಲ್ಲ, ವರದಿಯನ್ನೂ ತಿದ್ದಲಿಲ್ಲ. ಆ ವರದಿಯ ಮೇಲೆ ಇನ್ನೊಂದು ಯೋಜನೆಗೆ ಹಣ ಬಂತು. ಅದರ ಸಂಕಟ ಇನ್ನೂ ಇದೆ.

ಫೆಬ್ರವರಿಯೇ ಯಾಕೆ ಅಂತ ಕೇಳಿದ್ದೀರಾ? ಮಾರ್ಚ್ 31ರೊಳಗೆ ಖರ್ಚು ತೋರಿಸಬೇಕು, ಅಷ್ಟೇ. ರಸ್ತೆ ಒಣಗಿರುತ್ತದೆ, ಜೀಪು ಹೂಳುವುದಿಲ್ಲ, ಬರುವವರಿಗೂ ಹವೆ ಹಿತ. ರಾಬರ್ಟ್ ಚೇಂಬರ್ಸ್ ಎಂಬ ಬ್ರಿಟಿಷ್ ವಿದ್ವಾಂಸ ಇದನ್ನು ನಲವತ್ತು ವರ್ಷದ ಹಿಂದೆಯೇ 'ಗ್ರಾಮೀಣಾಭಿವೃದ್ಧಿ ಪ್ರವಾಸ' ಎಂದು ಕರೆದರು: ಹೊರಗಿನವರು ಒಣ ಹಂಗಾಮಿನಲ್ಲಿ ಬರುತ್ತಾರೆ, ಡಾಂಬರು ರಸ್ತೆ ಬಿಟ್ಟು ಇಳಿಯುವುದಿಲ್ಲ, ಯೋಜನೆ ಇರುವ ಊರನ್ನಷ್ಟೇ ನೋಡುತ್ತಾರೆ, ಮಾತು ಬಲ್ಲ ಗಂಡಸರನ್ನಷ್ಟೇ ಕೇಳುತ್ತಾರೆ. ಹಸಿವು, ಜ್ವರ, ಸಾಲ, ಮೂರೂ ಒಟ್ಟಿಗೆ ಬರುವ ಮಳೆಗಾಲದಲ್ಲಿ ಯಾರೂ ಬರುವುದಿಲ್ಲ.

ಈಗ ನಿಮ್ಮ ಲಾಗ್‌ಫ್ರೇಮ್ ತೆಗೆಯಿರಿ. ಈ ಕೋಷ್ಟಕ ಹುಟ್ಟಿದ್ದು 1969ರಲ್ಲಿ, ಅಮೆರಿಕದ ನೆರವು ಸಂಸ್ಥೆ ಯುಎಸ್‌ಏಡ್‌ಗಾಗಿ. (ಆ ಸಂಸ್ಥೆ 2025ರ ಜುಲೈ 1ಕ್ಕೆ ವಿದೇಶಾಂಗ ಇಲಾಖೆಯಲ್ಲಿ ಕರಗಿಹೋಯಿತು. ಕೋಷ್ಟಕ ಮಾತ್ರ ಗಟ್ಟಿಯಾಗಿದೆ.) ಅದರಲ್ಲಿ ನಾಲ್ಕು ಕಾಲಂ. ಮೊದಲನೆಯದರಲ್ಲಿ ಏನು ಮಾಡುತ್ತೇವೆ, ಎರಡನೆಯದರಲ್ಲಿ ಇಂಡಿಕೇಟರ್, ಮೂರನೆಯದರಲ್ಲಿ ಪುರಾವೆ ಎಲ್ಲಿ ಸಿಗುತ್ತದೆ ಅನ್ನುವುದು. ನಾಲ್ಕನೆಯದು 'ಊಹೆಗಳು'. ನಮ್ಮ ಭಾಗದ ಯೋಜನೆ ಆದರೆ ಅಲ್ಲಿ ಒಂದು ಸಾಲು ಇದ್ದೇ ಇರುತ್ತದೆ: 'ಮಳೆ ಸಾಮಾನ್ಯವಾಗಿರುತ್ತದೆ.' ಹಣ ಮಂಜೂರಾದ ದಿನದಿಂದ ಆ ಕಾಲಂ ಯಾರೂ ಓದುವುದಿಲ್ಲ. ತಿಂಗಳ ವರದಿಯ ಫಾರ್ಮಿನಲ್ಲಿ ಅದಕ್ಕೆ ಜಾಗವೇ ಕೊಟ್ಟಿರುವುದಿಲ್ಲ. ನನ್ನ ಅನುಭವದಲ್ಲಿ ಕೊಪ್ಪಳ, ರಾಯಚೂರಿನ ಅರ್ಧ ಸತ್ಯ ಇರುವುದು ಆ ನಾಲ್ಕನೇ ಕಾಲಂನಲ್ಲಿ. ನಿಮ್ಮ ಪ್ರಶ್ನೆಗೆ ನನ್ನ ಉತ್ತರವೂ ಅಲ್ಲಿಂದಲೇ ಶುರುವಾಗುತ್ತದೆ. ಪ್ರತಿ ಅಂಕಿಯ ಪಕ್ಕದಲ್ಲಿ ಆ ವರ್ಷದ ಮಳೆ, ಆ ತಿಂಗಳ ಗುಳೆ, ಆ ಊರಿಗೆ ಬಂದ ಸರ್ಕಾರಿ ಹಣ ಬರೆಯಿರಿ. ಮಳೆ ಲೆಕ್ಕಕ್ಕೆ ನೀವು ಎಲ್ಲೂ ಅಲೆಯಬೇಕಿಲ್ಲ. ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಮಳೆಮಾಪಕಗಳು ಗ್ರಾಮ ಪಂಚಾಯಿತಿ ಮಟ್ಟದಲ್ಲೇ ಇವೆ. ಗುಳೆಯ ಲೆಕ್ಕಕ್ಕೆ ಅಂಗನವಾಡಿ ಅಕ್ಕನಷ್ಟು ಬಲ್ಲವರು ಇಲ್ಲ.

ಅಷ್ಟಾದರೆ ಸಾಕೇ? ಸಾಲದು. ಯೋಜನೆ ಇಲ್ಲದ ಊರೂ ಬೇಕು. ಇದನ್ನು ದೊಡ್ಡವರೂ ಮರೆತು ಮುಖಭಂಗ ಮಾಡಿಕೊಂಡಿದ್ದಾರೆ. ಆಫ್ರಿಕಾದ ಹತ್ತು ದೇಶಗಳಲ್ಲಿ 'ಮಿಲೆನಿಯಂ ವಿಲೇಜಸ್' ಎಂಬ ಭಾರೀ ಯೋಜನೆ ನಡೆಯಿತು. ಬೀಜ, ಗೊಬ್ಬರ, ಸೊಳ್ಳೆ ಪರದೆ, ಆಸ್ಪತ್ರೆ, ಎಲ್ಲವನ್ನೂ ಒಂದೇ ಊರಿಗೆ ಒಟ್ಟಿಗೆ ಕೊಟ್ಟು ನೋಡುವುದು ಅದರ ಗುರಿ. ಮೊದಲು–ಆಮೇಲೆ ಲೆಕ್ಕದಲ್ಲಿ ಎಲ್ಲವೂ ಅದ್ಭುತ. 2010ರಲ್ಲಿ ಮೈಕೆಲ್ ಕ್ಲೆಮೆನ್ಸ್, ಗೇಬ್ರಿಯಲ್ ಡೆಮೊಂಬಿನ್ ಎಂಬ ಇಬ್ಬರು ಅರ್ಥಶಾಸ್ತ್ರಜ್ಞರು ಸುತ್ತಲಿನ ಪ್ರದೇಶದ ಅಂಕಿಗಳನ್ನೂ ಪಕ್ಕಕ್ಕಿಟ್ಟು ತೋರಿಸಿದರು: ಯೋಜನೆಯ ಊರಿನಲ್ಲಿ ಮೊಬೈಲ್ ಹೆಚ್ಚಿತು ಅನ್ನುತ್ತೀರಿ, ಯೋಜನೆ ಇಲ್ಲದ ಊರಿನಲ್ಲೂ ಹೆಚ್ಚಿದೆಯಲ್ಲ! 2012ರಲ್ಲಿ ಮಕ್ಕಳ ಮರಣ ಪ್ರಮಾಣ ದೇಶದ ಸರಾಸರಿಗಿಂತ ವೇಗವಾಗಿ ಇಳಿದಿದೆ ಎಂದು ಪ್ರಖ್ಯಾತ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾದ ಮಾತನ್ನು ಆ ತಂಡವೇ ಹಿಂದಕ್ಕೆ ಪಡೆಯಬೇಕಾಯಿತು.

ನಮ್ಮ ಪಕ್ಕದ ಮನೆಯ ಉದಾಹರಣೆ ಬೇಕೆಂದರೆ ವಿಜಯಪುರ, ಬಾಗಲಕೋಟೆಯ 'ಸಮತಾ'. ಹೆಣ್ಣುಮಕ್ಕಳು ಹೈಸ್ಕೂಲ್ ಬಿಡದಂತೆ, ಬಾಲ್ಯವಿವಾಹ ಆಗದಂತೆ 2014ರಿಂದ 2017ರವರೆಗೆ ನಡೆದ ಪ್ರಯೋಗ. 80 ಹಳ್ಳಿಗಳನ್ನು ಚೀಟಿ ಎತ್ತಿದಂತೆ ಆರಿಸಿ, 40ರಲ್ಲಿ ಕೆಲಸ, ಉಳಿದ 40ರಲ್ಲಿ ಬರೀ ಎಣಿಕೆ. ಕೊನೆಗೆ ಒಟ್ಟಾರೆ ಫಲ ಏನು ಬಂತು? ಎರಡೂ ಕಡೆ ಹುಡುಗಿಯರು ಶಾಲೆಯಲ್ಲಿ ಉಳಿದಿದ್ದರು, ಎರಡೂ ಕಡೆ ಬೇಗ ಮದುವೆ ಮಾಡುವುದು ಕಡಿಮೆಯಾಗಿತ್ತು. ಕಾಲವೇ ಬದಲಾಗುತ್ತಿತ್ತು. ಆ ಇನ್ನೊಂದು 40 ಹಳ್ಳಿ ಇಲ್ಲದಿದ್ದರೆ ಅದು ಯೋಜನೆಯ ಜಯವೆಂದು ಡಂಗುರವಾಗುತ್ತಿತ್ತು. ಫಲ ಕಾಣಲಿಲ್ಲ ಎಂದು ಪ್ರಕಟಿಸಿದ ಆ ತಂಡದ ಮೇಲೆ ನನಗೆ ಗೌರವ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ.

ನಿಮ್ಮ ಹತ್ತಿರ ಅಷ್ಟು ಹಣ ಇಲ್ಲ, ಕಾಲವೂ ಮೀರಿದೆ. ಆದರೂ ಪಕ್ಕದ, ನೀವು ಕೆಲಸ ಮಾಡದ ನಾಲ್ಕೈದು ಊರುಗಳಲ್ಲಿ ಅದೇ ಪ್ರಶ್ನೆಗಳಲ್ಲಿ ಹತ್ತನ್ನು ಕೇಳಬಹುದು. ಬೇಸ್‌ಲೈನ್ ಇಲ್ಲದ್ದರಿಂದ ಅದು ಪಕ್ಕಾ ಹೋಲಿಕೆ ಆಗುವುದಿಲ್ಲ, ಹಾಗೆಂದು ವರದಿಯಲ್ಲೇ ಬರೆಯಿರಿ. ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು. ಹೋಲಿಕೆಗೆಂದು ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಜಿಲ್ಲಾ ಅಂಕಿ ಎತ್ತಿಕೊಳ್ಳುವ ಚಟ ನಮ್ಮವರಿಗಿದೆ, ಅದು ಬೇಡ. ಐದನೇ ಸುತ್ತಿನಲ್ಲಿ ಜಿಲ್ಲೆಗೆ ಸರಾಸರಿ 900 ಮನೆ ಕೇಳಿದ್ದಾರೆ, ಕರ್ನಾಟಕದಲ್ಲಿ ಕ್ಷೇತ್ರಕಾರ್ಯ ನಡೆದದ್ದು 2019ರಲ್ಲಿ, ಕೋವಿಡ್‌ಗೂ ಮುಂಚೆ. ಅದು ಜಿಲ್ಲೆಗೆ ಒಪ್ಪುವ ಅಂಕಿ, ನಿಮ್ಮ ಬೆರಳೆಣಿಕೆಯ ಊರುಗಳಿಗೆ ಹೊಂದುವುದಿಲ್ಲ.

ಪ್ರಶ್ನಾವಳಿಯ ಬಗ್ಗೆ ಎರಡು ಮಾತು. ಇದು ನನಗೆ ಸಿಟ್ಟು ಬರುವ ವಿಷಯ, ಕ್ಷಮಿಸಿ. ಎಲ್ಲೋ ಇಂಗ್ಲಿಷಿನಲ್ಲಿ ಬರೆದದ್ದನ್ನು ಬೆಂಗಳೂರಿನಲ್ಲಿ ಅನುವಾದಿಸಿ ಕಳಿಸುತ್ತಾರೆ. 'ಕುಟುಂಬದ ಪ್ರಮುಖ ನಿರ್ಧಾರಗಳನ್ನು ಯಾರು ಕೈಗೊಳ್ಳುತ್ತಾರೆ?' ಅಂತ ಓದಿದರೆ ಬರುವ ಉತ್ತರ ಒಂದೇ: "ಎಲ್ಲಾರೂ ಕೂಡೇ ಮಾಡ್ತೀವ್ರಿ." ಟ್ಯಾಬಿನಲ್ಲಿ 'ಜಂಟಿ' ಒತ್ತಿ ಮುಂದಕ್ಕೆ. ಸಬಲೀಕರಣ ಆಯಿತು! ಅದೇ ಹೆಣ್ಣುಮಗಳನ್ನು ಹೀಗೆ ಕೇಳಿ ನೋಡಿ: "ಮೊನ್ನಿ ಕುರಿ ಮಾರಿದ್ರೆಲ್ಲಾ ಅಕ್ಕಾರ, ಅಮೀನಗಡ ಸಂತಿಗೆ ಹೋದವ್ರು ಯಾರು? ರೇಟು ಮುರಿದವ್ರು ಯಾರು? ರೊಕ್ಕ ಯಾರ ಕಿಸೇದಾಗ ಬಂತು?" ಮೂರು ಸಣ್ಣ ಪ್ರಶ್ನೆ, ಮೂರಕ್ಕೂ ಒಂದೊಂದು ಹೆಸರು ಸಿಗುತ್ತದೆ. ತಾಂಡಾದಲ್ಲಿ ಲಂಬಾಣಿ ಬಲ್ಲವರನ್ನು ಕಳಿಸಿ, ನೀರಾವರಿ ಕಡೆಯ ವಲಸಿಗರ ಕ್ಯಾಂಪುಗಳಿಗೆ ಹೋದರೆ ತೆಲುಗು ಬಲ್ಲವರನ್ನು. ದಿನಾಂಕ ಕೇಳಬೇಡಿ, ಹಬ್ಬ ಕೇಳಿ. 'ಕಳೆದ 6 ತಿಂಗಳಲ್ಲಿ' ಅನ್ನುವುದು ಯಾರ ತಲೆಯಲ್ಲೂ ಇಲ್ಲ, 'ಮೊಹರಂ ಆದಮ್ಯಾಲೆ', 'ಎಳ್ಳಮಾಸಿಗಿಂತ ಮುಂಚೆ' ಎಲ್ಲರ ತಲೆಯಲ್ಲೂ ಇದೆ.

ಕುರಿಯ ವಿಷಯ ಬಂತಲ್ಲ. ನಿಮ್ಮ ಫಾರ್ಮಿನಲ್ಲಿ 'ಕುರಿ ಮಾರಾಟದಿಂದ ಆದಾಯ' ಎಂದಿದ್ದರೆ ಅದನ್ನು ಹಿಡಿದು ಅಲುಗಾಡಿಸಿ. ಬರದಲ್ಲಿ ಮೇವಿಲ್ಲದೆ ಅರ್ಧ ಬೆಲೆಗೆ ಹಿಂಡು ಮಾರಿದವನೂ ಅಲ್ಲಿ ಆದಾಯ ಪಡೆದವನಾಗುತ್ತಾನೆ. ಮರಿ ಬೆಳೆಸಿ ಒಳ್ಳೆ ರೇಟಿಗೆ ಮಾರಿದವಳೂ ಅದೇ ಸಾಲಿನಲ್ಲಿ. ಒಬ್ಬರದು ಬಾಳು ಮುರಿದದ್ದು, ಇನ್ನೊಬ್ಬರದು ಏಳಿಗೆ, ನಿಮ್ಮ ಶೀಟಿನಲ್ಲಿ ಎರಡೂ ಹಸಿರು. ಹೆಣ್ಣು ಕುರಿ ಎಷ್ಟು ಉಳಿದಿವೆ ಎಂದು ಕೇಳಿ. ಕಷ್ಟ ಬಂದಾಗ ಹೆಣ್ಣು ಕುರಿ ಕೈಬಿಟ್ಟವರಿಗೆ ಹಿಂಡು ಮತ್ತೆ ಕಟ್ಟುವುದು ಕಠಿಣ. ಹಿಂಡಿನ ಲೆಕ್ಕ ಹೇಳಿದರೆ ದೃಷ್ಟಿ ತಾಗುತ್ತದೆ ಅನ್ನುವ ಹಿರಿಯರಿದ್ದರೆ, ಸುಮ್ಮನೆ ಹಟ್ಟಿಯ ಹತ್ತಿರ ನಿಂತು ನೀವೇ ಎಣಿಸಿಕೊಳ್ಳಿ.

ಕೈತೋಟದ್ದು ಇನ್ನೂ ಸೂಕ್ಷ್ಮ. ನೆರೆಯ ತಮಿಳುನಾಡಿನಲ್ಲಿ 1980ರಿಂದ ವಿಶ್ವಬ್ಯಾಂಕ್ ನೆರವಿನ ಪೌಷ್ಟಿಕತೆ ಯೋಜನೆಯೊಂದು ನಡೆದು ಹೆಸರು ಮಾಡಿತು. ತಾಯಂದಿರಿಗೆ ತಿಳಿವಳಿಕೆ, ಮಕ್ಕಳಿಗೆ ಪೂರಕ ಆಹಾರ. ಅದೇ ಅಚ್ಚನ್ನು 1995ರಲ್ಲಿ ಬಾಂಗ್ಲಾದೇಶಕ್ಕೆ ಒಯ್ದರು. ಅಲ್ಲಿ ನಿರೀಕ್ಷಿಸಿದ ಫಲ ಬರಲಿಲ್ಲ. ತಾಯಂದಿರು ಪಾಠ ಕಲಿತಿದ್ದರು, ಅದರಲ್ಲಿ ಕೊರತೆ ಇರಲಿಲ್ಲ. ಸಂತೆಗೆ ಹೋಗುವವರು ಗಂಡಸರು, ಅತ್ತೆ ಇರುವ ಮನೆಯಲ್ಲಿ ಒಲೆಯ ಯಜಮಾನಿಕೆ ಅತ್ತೆಯದು. ಕಲಿಸಿದ್ದು ಸೊಸೆಗೆ, ಬಡಿಸುವವಳು ಅತ್ತೆ. ನಿಮ್ಮ ತರಬೇತಿ ಹಾಜರಿ ಪುಸ್ತಕದಲ್ಲಿ ಎಷ್ಟು ಅತ್ತೆಯರಿದ್ದಾರೆ? 'ಕೈತೋಟ ಇದೆ: ಹೌದು/ಇಲ್ಲ' ಎಂದು ಕೇಳುವ ಬದಲು ಪುಂಡಿಪಲ್ಲೆ, ರಾಜಗಿರಿ ಯಾರ ತಟ್ಟೆಗೆ ಬಿತ್ತು, ಉಳಿದರೆ ಮಾರಿದರಾ, ಬೇಸಿಗೆಯಲ್ಲಿ ನೀರು ಎಲ್ಲಿಂದ ತಂದರು ಎಂದು ಕೇಳಿದರೆ ಒಂದು ಮನೆಗೆ ಹತ್ತು ನಿಮಿಷ ಹೆಚ್ಚು ಹಿಡಿಯಬಹುದು. ಹಿಡಿಯಲಿ.

ಹಸಿರು ಇಂಡಿಕೇಟರ್‌ಗಳ ಗುಟ್ಟು ನಿಮಗೇ ಗೊತ್ತಿದೆ, ನನ್ನ ಬಾಯಿಂದ ಹೇಳಿಸಬೇಕೆಂದಿದ್ದೀರಿ. ಟಾರ್ಗೆಟ್ ಮುಟ್ಟದ ಊರಿನ ಕಾರ್ಯಕರ್ತೆಯ ಗೌರವಧನ ನಿಲ್ಲುತ್ತದೆ ಅಂದರೆ ಒಂದೇ ಕೈತೋಟದ ಫೋಟೋ ಮೂರು ದಿಕ್ಕಿನಿಂದ ಮೂರು ಮನೆಯ ಹೆಸರಿನಲ್ಲಿ ಬರುತ್ತದೆ. ಅಳತೆಯನ್ನೇ ಗುರಿ ಮಾಡಿದರೆ ಅದು ಅಳತೆಯಾಗಿ ಕೆಡುತ್ತದೆ ಎಂಬ ಮಾತಿಗೆ ಬ್ರಿಟಿಷ್ ಅರ್ಥಶಾಸ್ತ್ರಜ್ಞ ಚಾರ್ಲ್ಸ್ ಗುಡ್‌ಹಾರ್ಟ್ ಹೆಸರು ಅಂಟಿಕೊಂಡಿದೆ, ಅವರು 1975ರಲ್ಲಿ ಇಂಥದೇ ಮಾತು ಬರೆದದ್ದರಿಂದ. ಆ ಕಾರ್ಯಕರ್ತೆಯನ್ನು ಬೈಯಬೇಡಿ. ಕೆಂಪು ಬಂದ ಊರಿಗೆ ಮೊದಲು ಹೋಗಿ ಚಹಾ ಕುಡಿದು 'ಏನು ತೊಂದರೆ ಆಯ್ತವ್ವ' ಎಂದು ಕೇಳುವ ಪದ್ಧತಿ ನಿಮ್ಮ ಕಚೇರಿಯಲ್ಲಿ ಶುರುವಾದರೆ ಆರು ತಿಂಗಳಲ್ಲಿ ಬಣ್ಣ ತಾನೇ ಸರಿಹೋಗುತ್ತದೆ.

ಹಣದ ಮಾತನ್ನೂ ಹೇಳಿಬಿಡುತ್ತೇನೆ. ವಿದೇಶಿ ದೇಣಿಗೆ ಕಾಯ್ದೆಗೆ 2020ರಲ್ಲಿ ಆದ ತಿದ್ದುಪಡಿಯ ನಂತರ ಆ ಹಣದಲ್ಲಿ ಆಡಳಿತ ವೆಚ್ಚದ ಮಿತಿ ಶೇ. 50ರಿಂದ ಶೇ. 20ಕ್ಕೆ ಇಳಿದಿದೆ. ನಿಯಮದಲ್ಲಿ ವರದಿ ಬರೆದು ಸಲ್ಲಿಸುವ ಖರ್ಚೂ ಆಡಳಿತ ವೆಚ್ಚದ ಪಟ್ಟಿಯಲ್ಲಿದೆ. ಹೀಗಾಗಿ ಸಣ್ಣ ಸಂಸ್ಥೆಗಳು ಮೊದಲು ಕತ್ತರಿ ಹಾಕುವುದು ನಿಮ್ಮ ಕೆಲಸಕ್ಕೇ. ದಾನಿಗಳು ಕೇಳುವ ಪುರಾವೆ ಮಾತ್ರ ವರ್ಷವರ್ಷ ಹೆಚ್ಚುತ್ತಿದೆ. ಈ ಎಳೆದಾಟದಲ್ಲಿ ನಿಮ್ಮ ತಪ್ಪೇನೂ ಇಲ್ಲ.

ಇನ್ನು ಆ ಮೂರು ದಿನ. ಬರುವವರ ಕೈಯಲ್ಲಿ ಆರು ಪ್ರಶ್ನೆ ಇರುತ್ತವೆ: ಪ್ರಸ್ತುತತೆ, ಸುಸಂಗತತೆ, ಪರಿಣಾಮ, ದಕ್ಷತೆ, ಪ್ರಭಾವ, ಸುಸ್ಥಿರತೆ. ಶ್ರೀಮಂತ ದೇಶಗಳ ಒಕ್ಕೂಟವಾದ ಒಇಸಿಡಿಯ ನೆರವು ಸಮಿತಿ 1991ರಲ್ಲಿ ಐದನ್ನು ಕೊಟ್ಟಿತು, 2019ರಲ್ಲಿ ಸುಸಂಗತತೆ ಸೇರಿಸಿತು. ಅವರು ಕೆಟ್ಟವರಲ್ಲ, ಅವರಿಗೆ ಸಮಯವಿಲ್ಲ. ನಿಮ್ಮ ನಿರ್ದೇಶಕರು ಹೂವಿನ ಹಾರ, ಡೊಳ್ಳು, ಸಂಘದ ಚೆಂದದ ಪುಸ್ತಕ ಇರುವ ಊರನ್ನೇ ತೋರಿಸಲು ನೋಡುತ್ತಾರೆ. ನೀವು ಎಲ್ಲ ಊರುಗಳ ಹೆಸರನ್ನೂ ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಮೌಲ್ಯಮಾಪಕರ ಕೈಯಿಂದಲೇ ನಾಲ್ಕು ಎತ್ತಿಸಿ. ಮೊದಲ ದಿನವೇ ಎರಡು ಹಾಳೆ ಕೊಡಿ. ಒಂದರಲ್ಲಿ ಕೈಬಿಟ್ಟುಹೋದದ್ದು: ನಿಂತ ಸಂಘ, ಸತ್ತ ಕುರಿ, ಒಣಗಿದ ತೋಟ, ಕಾರಣದ ಸಮೇತ. ಇನ್ನೊಂದರಲ್ಲಿ ಮಳೆ, ಗುಳೆ, ಗೃಹಲಕ್ಷ್ಮಿ. ಸಂಸ್ಥೆಯ ಹೆಸರು ಕೆಡುತ್ತದೆ ಎಂದು ಯಾರಾದರೂ ಹೆದರಿದರೆ ಇಷ್ಟು ಹೇಳಿ: ಅನುಭವ ಇರುವ ಮೌಲ್ಯಮಾಪಕರಿಗೆ ಎಲ್ಲವೂ ಹಸಿರು ಕಂಡರೇ ಅನುಮಾನ ಬರುವುದು.

ಎಂಡ್‌ಲೈನನ್ನು ಅಕ್ಟೋಬರ್‌ಗೆ ಸರಿಸಲು ಈಗಲೇ ದಾನಿಗಳಿಗೆ ಪತ್ರ ಬರೆಯಿರಿ. ಬೇಸ್‌ಲೈನ್ ಯಾವ ಹಂಗಾಮಿನಲ್ಲೋ ಎಂಡ್‌ಲೈನೂ ಅದೇ ಹಂಗಾಮಿನಲ್ಲಿ ಆಗಬೇಕೆಂಬ ಮಾತನ್ನು ಅವರು ತಳ್ಳಿಹಾಕುವುದು ಕಷ್ಟ, ಇದು ಅವರದೇ ಪಠ್ಯದ ಮೊದಲ ಪಾಠ. ಒಪ್ಪದಿದ್ದರೆ ಬೀಗ ಹಾಕಿದ ಮನೆಗೆ ಬದಲಿ ಮನೆ ಬೇಡವೇ ಬೇಡ. ಪಕ್ಕದವರ ಹತ್ತಿರ ಫೋನ್ ನಂಬರ್ ಪಡೆದು, ಗುಳೆ ಹೋದವರು ಕೆಲಸ ಬಿಟ್ಟು ಬರುವ ರಾತ್ರಿ ಎಂಟರ ಮೇಲೆ ಕರೆ ಮಾಡಿ. ಮೊದಲು ಅವರ ಊರಿನ ಸುದ್ದಿ ಹೇಳಿ, ಆಮೇಲೆ ಪ್ರಶ್ನೆ.

ಕೊನೆಗೆ ಒಂದು ತಕರಾರು. ಫಾರ್ಮಿನಲ್ಲಿ ಜಾಗವಿಲ್ಲದ ಒಂದೆರಡು ಬದಲಾವಣೆ ಕಂಡಿದ್ದೇನೆ ಎಂದಿದ್ದೀರಿ, ಏನೆಂದು ಬರೆದೇ ಇಲ್ಲ. ಇಂಥವನ್ನೇ ಜನರ ಬಾಯಿಂದ ಕತೆಯಾಗಿ ಕೇಳಿ, ಯಾವುದು ದೊಡ್ಡ ಬದಲಾವಣೆ, ಯಾಕೆ ಎಂದು ಕೂತು ಚರ್ಚಿಸಿ ಆರಿಸುವ ಪದ್ಧತಿಯನ್ನು ರಿಕ್ ಡೇವಿಸ್ ಎಂಬುವರು 1990ರ ದಶಕದಲ್ಲಿ ಬಾಂಗ್ಲಾದೇಶದ ಹಳ್ಳಿಗಳ ಕೆಲಸದಲ್ಲೇ ರೂಪಿಸಿದರು. ಅಂಕಿ ಬೇಡದ ಪದ್ಧತಿ, ದಾನಿಗಳೂ ಈಗ ಒಪ್ಪುತ್ತಾರೆ. ಮುಂದಿನ ಪತ್ರದಲ್ಲಿ ಅದನ್ನು ಮೊದಲು ಬರೆಯಿರಿ, ಊರಿನ ಹೆಸರು ಬಿಟ್ಟು.